ಹೆಸರಿಗೆ ಮಾತ್ರ ಕೋಲ್ಡ್ ಏರ್

ಇವತ್ತು ‘ಕೋಲ್ಡ್ ಏರ್ ಇನ್‌ಟೇಕ್’ (ಇಂಜಿನ್‌ಗೆ ತಣ್ಣನೆ ಗಾಳಿ ಕೊಡ್ಬೇಕಾದ ಫಿಲ್ಟರ್ ಸೆಟ್) ಹಾಕಿಸಿದ ಕಾರಿಗೆ ಸ್ಕ್ಯಾನರ್ ಹಾಕಿದ್ರೆ ಇಂಜಿನ್ ಎಳೆದುಕೊಳ್ಳೋ ಗಾಳಿ 58 ಡಿಗ್ರಿ. ಹೊರಗೆ 29.
ಬಾನೆಟ್ ಎತ್ತಿದ್ರೆ ಫಳಫಳ ಹೊಳೆಯೋ ಕೋನ್ ಫಿಲ್ಟರ್. ಕೂತಿರೋದು ರೇಡಿಯೇಟರ್ ಫ್ಯಾನ್ ಬೆನ್ನಿಗೆ!

ಗಾಳಿ 3 ಡಿಗ್ರಿ ಬಿಸಿಯಾದ್ರೆ ಸಾಂದ್ರತೆ ಸುಮಾರು 1% ಇಳಿಯುತ್ತೆ. ಅಂದ್ರೆ ಇಲ್ಲಿ ಹತ್ತಿರಹತ್ತಿರ 9% ಹೋಯ್ತು. ಗಾಳಿ ಕಡಿಮೆಯಾದ್ರೆ ಪವರ್ರೂ ಕಡಿಮೆ.
ಸದ್ದು ಜೋರಾಗಿದ್ದಕ್ಕೇ ಪವರ್ ಬಂತು ಅಂದ್ಕೊಳ್ಳೋರು ಜಾಸ್ತಿ, ಬಿಡಿ.

ಫಿಲ್ಟರ್ ಸುತ್ತ ಅಲ್ಯೂಮಿನಿಯಂ ಶೀಟಿನ ಡಬ್ಬ ಕಟ್ಟಿ, 1.5 ಎಂಎಂ ಸಾಕು. ಮೇಲಂಚಿಗೆ ರಬ್ಬರ್ ಬೀಡಿಂಗ್. ಬಾನೆಟ್ ಮುಚ್ಚಿದಾಗ ಒತ್ತಿ ಕೂರಬೇಕು, ಸಂದಿ ಇದ್ರೆ ಮತ್ತೆ ಬಿಸಿಗಾಳಿನೇ. ಗ್ರಿಲ್ ಹಿಂದಿನಿಂದ 3 ಇಂಚಿನ ಡಕ್ಟ್ ಎಳೆದು ಡಬ್ಬದೊಳಕ್ಕೆ ಬಿಡಿ. ಒಳಗೆ ಸುಕ್ಕಿರೋ ಪೈಪ್ ಬೇಡ, ಗಾಳಿ ಅಲ್ಲೇ ತಡವರಿಸುತ್ತೆ.

ಎಂಎಎಫ್ ಸೆನ್ಸರ್ (ಇಂಜಿನ್‌ಗೆ ಹೋಗೋ ಗಾಳಿ ಎಷ್ಟು ಅಂತ ಅಳೆಯೋದು) ಕೂರೋ ಪೈಪಿನ ಒಳವ್ಯಾಸ ಮಾತ್ರ ಮುಟ್ಟಬೇಡಿ. ದೊಡ್ಡದಾದ್ರೆ ಸೆನ್ಸರ್ ಗಾಳಿ ಕಡಿಮೆ ಅಂತ ಸುಳ್ಳು ಹೇಳುತ್ತೆ, ಮಿಕ್ಸ್ಚರ್ ಲೀನ್ ಆಗುತ್ತೆ, ಅಂದ್ರೆ ಗಾಳಿಗೆ ತಕ್ಕಷ್ಟು ಇಂಧನ ಸಿಗಲ್ಲ.

ತಣ್ಣಗಿರುತ್ತೆ ಅಂತ ಫಿಲ್ಟರನ್ನ ಬಂಪರ್ ಕೆಳಗೆ ಇಳಿಸೋ ಆಸೆನೂ ಬೇಡ. ಮಳೆಗಾಲದ ಒಂದೇ ಅಂಡರ್‌ಪಾಸ್ ಸಾಕು, ಸಿಲಿಂಡರಿಗೆ ನೀರು ಹೊಕ್ಕು ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡ್ ಬಾಗೋಕೆ.

ಆಮೇಲೆ, ಸಿಗ್ನಲ್‌ನಲ್ಲಿ ನಿಂತಾಗಿನ ಅಂಕಿ ನೋಡಿ ಬೇಜಾರಾಗ್ಬೇಡಿ. 60ರಲ್ಲಿ ಓಡ್ತಿರುವಾಗ ಹೊರಗಿನದಕ್ಕಿಂತ ಹೆಚ್ಚಂದ್ರೆ 10 ಡಿಗ್ರಿ ಜಾಸ್ತಿ ಇದ್ರೆ ಡಬ್ಬ ಸರಿಯಾಗಿ ಕೂತಿದೆ ಅಂತ.