ವರ್ಕ್ ಪರ್ಮಿಟ್‌ನಲ್ಲಿ ತಪ್ಪು ಬಂದರೆ ಮತ್ತೆ ಅರ್ಜಿ ಹಾಕಬೇಕೆ?

ಅಮೆರಿಕದಲ್ಲಿ ಕೆಲಸದ ಪರವಾನಗಿಗೆ ಅರ್ಜಿ ಹಾಕಿ, ತಿಂಗಳುಗಟ್ಟಲೆ ಕಾದು, ಕೊನೆಗೊಮ್ಮೆ ಅಂಚೆಯಲ್ಲಿ ಬಂದ ಕಾರ್ಡನ್ನು ತೆರೆದು ನೋಡಿದಾಗ ಹೆಸರೋ ಜನ್ಮದಿನಾಂಕವೋ ಅವಧಿಯೋ ತಪ್ಪಾಗಿರುವುದನ್ನು ಕಂಡವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇನ್ನೊಂದು ಅರ್ಜಿ ಹಾಕಿಬಿಡಲೇ?’ ಬೇಡ, ಇಷ್ಟು ಬೇಗ ಬೇಡ ಎನ್ನುವುದು ನನ್ನ ಉತ್ತರ. ನಾನು ವಕೀಲನಲ್ಲ, ಈ ಕಾಗದಪತ್ರಗಳ ದಾರಿಯಲ್ಲಿ ಹಲವು ಸಲ ನಡೆದವನು ಅಷ್ಟೆ. ತಪ್ಪು ಯಾರ ಕೈಯಿಂದ ಆಯಿತೆಂಬುದು ಖಚಿತವಾಗುವ ತನಕ ಯಾವ ನಮೂನೆಯನ್ನೂ ತುಂಬಬಾರದು, ಏಕೆಂದರೆ ಯಾವ ಕಚೇರಿಯ ಬಾಗಿಲು ತಟ್ಟಬೇಕು, ಹಣ ಕಟ್ಟಬೇಕೋ ಬೇಡವೋ ಎಂಬುದೆಲ್ಲ ಅದರ ಮೇಲೆಯೇ ನಿಂತಿದೆ.

ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಕೆಲಸದ ಪರವಾನಗಿಗಾಗಿ ನೀವು ಸಲ್ಲಿಸಿದ ಅರ್ಜಿಯ, ಅಂದರೆ ಐ-765 ನಮೂನೆಯ ಪ್ರತಿಯನ್ನು. ಅದರಲ್ಲಿ ಸರಿಯಾಗಿದ್ದು ಕಾರ್ಡಿನಲ್ಲಿ ಮಾತ್ರ ತಪ್ಪಾಗಿದ್ದರೆ ಅದು ಯುಎಸ್‌ಸಿಐಎಸ್‌ನ, ಅಂದರೆ ಕಾರ್ಡ್ ಕೊಡುವ ಅಮೆರಿಕದ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆಯ ತಪ್ಪು. ಅದಕ್ಕೆ ಹೊಸ ಅರ್ಜಿಯೂ ಬೇಡ, ಶುಲ್ಕವೂ ಬೇಡ. ತಪ್ಪು ಏನೆಂದು ವಿವರಿಸುವ ಪತ್ರ ಮತ್ತು ಸರಿಯಾದ ವಿವರವನ್ನು ತೋರಿಸುವ ದಾಖಲೆಗಳೊಂದಿಗೆ ಕಾರ್ಡನ್ನು ಹಿಂದಿರುಗಿಸಿದರೆ ತಿದ್ದಿದ ಕಾರ್ಡ್ ಕೊಡಬೇಕಾದ್ದು ಅವರ ಹೊಣೆ. ಮುದ್ರಣದೋಷವನ್ನು ಇಲಾಖೆಯ ಜಾಲತಾಣದ ಮೂಲಕವೂ ತಿಳಿಸಬಹುದು. ಆದರೆ ನಿಮ್ಮ ನಮೂನೆಯಲ್ಲೇ ತಪ್ಪಿದ್ದರೆ ಹೊಸ ಐ-765 ಮತ್ತು ಹೊಸ ಶುಲ್ಕ ತಪ್ಪುವುದಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಕಾಗದದ ಅರ್ಜಿಗೆ 520 ಡಾಲರ್, ಆನ್‌ಲೈನ್ ಅರ್ಜಿಗೆ 470 ಡಾಲರ್.

ನನ್ನ ಕಾರ್ಡಿನಲ್ಲಿ ಜನ್ಮದಿನಾಂಕ ತಪ್ಪಾಗಿ ಬಂದಾಗ ನಾನು ಒಂದು ವಾರ ಇಲಾಖೆಯನ್ನು ಬಯ್ದುಕೊಂಡು ಓಡಾಡಿದೆ. ಕೊನೆಗೆ ಜೆರಾಕ್ಸ್ ಪ್ರತಿ ತೆಗೆದು ನೋಡಿದರೆ, ಅಮೆರಿಕದ ನಮೂನೆ ತಿಂಗಳನ್ನು ಮೊದಲು ಕೇಳುತ್ತದೆಂಬುದನ್ನು ಮರೆತು, ನಮ್ಮ ಕಡೆಯ ರೂಢಿಯಂತೆ ದಿನವನ್ನು ಮೊದಲು ಬರೆದವನು ನಾನೇ. ಆಗಸ್ಟ್ 5 ಮೇ 8 ಆಗಿತ್ತು. ಆ ಪ್ರತಿ ನನ್ನಲ್ಲಿ ಇಲ್ಲದಿದ್ದರೆ ಸಿಟ್ಟಿನ ಪತ್ರ ಬರೆದು, ಉತ್ತರಕ್ಕಾಗಿ ಕಾದು, ಮತ್ತಷ್ಟು ತಿಂಗಳು ಕಳೆದುಕೊಳ್ಳುತ್ತಿದ್ದೆ.

ಹೆಸರಿನ ವಿಷಯದಲ್ಲಿ ಕನ್ನಡಿಗರಿಗೆ ವಿಶೇಷವಾದ ತಾಪತ್ರಯವಿದೆ. ನಮ್ಮಲ್ಲಿ ಅನೇಕರಿಗೆ ಕುಟುಂಬನಾಮವೇ ಇಲ್ಲ. ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಅಂಥವರ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಮುದ್ರಿತವಾಗುತ್ತದೆ; ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ ಅದು. ಅದನ್ನು ಕಾರ್ಡಿನಲ್ಲಿ ಕಂಡು ಗಾಬರಿಯಾಗಿ ದೂರು ಕೊಡಬೇಡಿ. ಅದು ದೋಷವಲ್ಲ, ಅವರ ಪದ್ಧತಿ. ನೋಡಲು ಸೊಗಸಾಗಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ಅವಧಿಯ ದಿನಾಂಕದ ಬಗ್ಗೆ ಬರುವ ದೂರುಗಳನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. 2015ರ ಮೇ 26ರಿಂದ ಕೆಲವು ಎಚ್-4 ಸಂಗಾತಿಗಳಿಗೆ (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ) ಕೆಲಸದ ಪರವಾನಗಿ ದೊರೆಯುತ್ತಿದ್ದು, ಅದರ ಅವಧಿ ಅವರ ಐ-94ರಲ್ಲಿ, ಅಂದರೆ ದೇಶದೊಳಗೆ ಎಲ್ಲಿಯ ತನಕ ಇರಬಹುದೆಂದು ಹೇಳುವ ಪ್ರವೇಶ ದಾಖಲೆಯಲ್ಲಿ, ಇರುವ ವಾಸದ ಅವಧಿಯನ್ನು ಮೀರುವುದಿಲ್ಲ. ಐ-94ರಲ್ಲಿ ದೂರದ ದಿನಾಂಕವಿದ್ದೂ ಕಾರ್ಡಿನ ಅವಧಿ ಮೊದಲೇ ಮುಗಿಯುತ್ತಿದ್ದರೆ ವಿಚಾರಿಸುವುದಕ್ಕೆ ಕಾರಣವಿದೆ. ಎರಡೂ ಒಂದೇ ದಿನ ಮುಗಿಯುತ್ತಿದ್ದರೆ ಕಾರ್ಡಿನಲ್ಲಿ ತಪ್ಪಿಲ್ಲ, ಹುಡುಕಾಟ ಐ-94ರ ಕಡೆಗೆ ತಿರುಗಬೇಕು. ವಿಮಾನ ನಿಲ್ದಾಣದಲ್ಲಿ ಒಳಬಿಡುವ ಅಧಿಕಾರಿ, ಪಾಸ್‌ಪೋರ್ಟಿನ ಅವಧಿ ಬೇಗ ಮುಗಿಯುವಂತಿದ್ದರೆ ಐ-94 ಅನ್ನೂ ಆ ದಿನಕ್ಕೇ ನಿಲ್ಲಿಸುವುದುಂಟು, ಅದೂ ತಪ್ಪಲ್ಲ.

ನಿಜವಾಗಿಯೂ ವಿಮಾನ ನಿಲ್ದಾಣದಲ್ಲೇ ಆಗುವ ತಪ್ಪೆಂದರೆ ಎಲ್-2 ಸಂಗಾತಿಗಳದ್ದು, ಅಂದರೆ ಕಂಪನಿಯೊಳಗಿನ ವರ್ಗಾವಣೆಯ ಎಲ್-1 ವೀಸಾದಲ್ಲಿ ಬಂದವರ ಗಂಡ ಅಥವಾ ಹೆಂಡತಿಯದ್ದು. 2021ರ ನವೆಂಬರ್‌ನಿಂದ ಅವರಿಗೆ ಪ್ರತ್ಯೇಕ ಪರವಾನಗಿ ಇಲ್ಲದೆಯೇ ಕೆಲಸ ಮಾಡುವ ಹಕ್ಕಿದೆ, ಮತ್ತು 2022ರ ಜನವರಿ 30ರಿಂದ ಅವರ ಐ-94ರಲ್ಲಿ ‘ಎಲ್-2ಎಸ್’ ಎಂಬ ಸಂಕೇತ ಇರಬೇಕು. ಆ ‘ಎಸ್’ ಬಿಟ್ಟುಹೋಗಿ ಬರೀ ‘ಎಲ್-2’ ಎಂದಿದ್ದರೆ ಉದ್ಯೋಗದಾತರು ಅದನ್ನು ಕೆಲಸದ ಹಕ್ಕಿನ ಪುರಾವೆಯೆಂದು ಒಪ್ಪುವುದು ಕಷ್ಟ. ಇದಕ್ಕಾಗಿ ಯುಎಸ್‌ಸಿಐಎಸ್‌ಗೆ ಎಷ್ಟು ಬರೆದರೂ ಪ್ರಯೋಜನವಿಲ್ಲ, ಏಕೆಂದರೆ ಗಡಿಯಲ್ಲಿ ಆದ ತಪ್ಪನ್ನು ತಿದ್ದುವುದು ಗಡಿ ಕಾಯುವ ಇಲಾಖೆಯಾದ ಸಿಬಿಪಿಯ ‘ಡಿಫರ್ಡ್ ಇನ್‌ಸ್ಪೆಕ್ಷನ್’ ಕಚೇರಿ. ಮದುವೆಯ ಪ್ರಮಾಣಪತ್ರ, ವೀಸಾ, ಸಂಗಾತಿಯ ಎಲ್-1 ದಾಖಲೆ ಹಿಡಿದು ಹೋಗಬೇಕಾದ ಜಾಗ ಅದು.

ಕಾರ್ಡನ್ನು ಹಿಂದಿರುಗಿಸುವ ಮುನ್ನ ಅದರ ಎರಡೂ ಬದಿಗಳ ಪ್ರತಿ ತೆಗೆದಿಟ್ಟುಕೊಂಡು, ಟ್ರ್ಯಾಕಿಂಗ್ ಇರುವ ಅಂಚೆಯಲ್ಲೇ ಕಳುಹಿಸಿ. ಹೊಸ ಕೆಲಸಕ್ಕೆ ಸೇರಲಿರುವವರು ಕೆಲಸದ ಹಕ್ಕನ್ನು ಉದ್ಯೋಗದಾತರು ಪರಿಶೀಲಿಸುವ ಐ-9 ನಮೂನೆಗಾಗಿ, ಸೇರಿದ ಮೂರು ಕೆಲಸದ ದಿನಗಳೊಳಗೆ ಮೂಲ ದಾಖಲೆಗಳನ್ನೇ ತೋರಿಸಬೇಕಾಗುವುದರಿಂದ, ಕಾರ್ಡ್ ಕೈಬಿಡುವ ಮೊದಲು ಉದ್ಯೋಗದಾತರೊಡನೆ ಮಾತಾಡುವುದು ಒಳ್ಳೆಯದು.

ಅರ್ಜಿಯೇ ತಪ್ಪಾಗಿ ತಿರಸ್ಕೃತವಾದರೆ ಮಾತೇ ಬೇರೆ. ಐ-765ರ ತಿರಸ್ಕಾರಕ್ಕೆ ಮೇಲ್ಮನವಿ ಇಲ್ಲ. ಐ-290ಬಿ ನಮೂನೆಯಲ್ಲಿ ಮರುಪರಿಶೀಲನೆ ಕೋರಬಹುದು, ಅದೂ 30 ದಿನಗಳೊಳಗೆ, ಆದೇಶ ಅಂಚೆಯಲ್ಲಿ ಬಂದಿದ್ದರೆ 33 ದಿನಗಳೊಳಗೆ. ಹೆಚ್ಚುವರಿ ದಾಖಲೆ ಕೇಳಿದ ಪತ್ರವು ಹಳೆಯ ವಿಳಾಸಕ್ಕೆ ಹೋಗಿ, ಉತ್ತರ ಬರಲಿಲ್ಲವೆಂದು ಅರ್ಜಿಯನ್ನು ಕೈಬಿಟ್ಟಿದ್ದರೆ, ವಿಳಾಸ ಬದಲಾವಣೆಯನ್ನು ನೀವು ಮುಂಚೆಯೇ ತಿಳಿಸಿದ್ದಿರಿ ಎಂಬ ದಾಖಲೆ ಬಲವಾದ ಆಧಾರ. ಮನೆ ಬದಲಿಸಿದ 10 ದಿನಗಳೊಳಗೆ ತಿಳಿಸಬೇಕೆಂಬ ನಿಯಮವನ್ನು ಹಗುರವಾಗಿ ಕಾಣುವವರು ಇಲ್ಲಿ ಸೋಲುತ್ತಾರೆ. ಈ ಹಂತದಲ್ಲಿ ವಕೀಲರಿಗೆ ಕೊಡುವ ಹಣ ದಂಡವಲ್ಲ. ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿಗೂ ಒಪ್ಪಿಗೆಪತ್ರ ಸಹಿ ಮಾಡಿಕೊಟ್ಟು ವಿಚಾರಿಸಲು ಕೇಳಬಹುದು. ಅವರು ಪ್ರಶ್ನಿಸಬಲ್ಲರೇ ಹೊರತು ಇಂಥ ತೀರ್ಮಾನವನ್ನೇ ಕೊಡಿ ಎಂದು ಆಜ್ಞಾಪಿಸಲಾರರು.

ಇಷ್ಟೆಲ್ಲ ಹೇಳಿದ ಮೇಲೆ ಬರುವ ಮರುಪ್ರಶ್ನೆ, ತಿದ್ದುಪಡಿಯಾಗುವ ತನಕ ಕೆಲಸ ಮುಂದುವರಿಸಬಹುದೇ ಎಂಬುದು. ಹಿಂದೆ ನವೀಕರಣಕ್ಕೆ ಸಕಾಲದಲ್ಲಿ ಅರ್ಜಿ ಹಾಕಿದ ಹಲವು ವರ್ಗದವರಿಗೆ ಗರಿಷ್ಠ 540 ದಿನಗಳ ವಿಸ್ತರಣೆ ತಾನಾಗಿಯೇ ದೊರೆಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ನವೀಕರಣ ಅರ್ಜಿಗಳ ಪೈಕಿ ಬಹುತೇಕವುಗಳಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಕಾರ್ಡಿನ ಅವಧಿ ತಪ್ಪಾಗಿ ಮುದ್ರಿತವಾಗಿದೆಯೆಂದು ನಿಮಗೆ ಎಷ್ಟೇ ಖಾತ್ರಿಯಿದ್ದರೂ, ಅದರ ಮೇಲಿನ ದಿನಾಂಕ ಬರುವುದರೊಳಗೆ ತಿದ್ದುಪಡಿ ಕೈಸೇರದಿದ್ದರೆ ಮರುದಿನ ಕೆಲಸಕ್ಕೆ ಹೋಗಬೇಡಿ. ಅವಧಿ ಮುಗಿಯುವ 180 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕುವ ಅವಕಾಶವಿರುವುದರಿಂದ, ತಿದ್ದುಪಡಿಯ ಕೋರಿಕೆ ಬಾಕಿಯಿರುವಾಗಲೇ ಆ ಗಡುವನ್ನೂ ಕ್ಯಾಲೆಂಡರಿನಲ್ಲಿ ಗುರುತುಹಾಕಿ ಇಟ್ಟುಕೊಳ್ಳಿ.