ಕಟ್ಟಕ್ಕೆ ಕಾಂಕ್ರೀಟು ಹಾಕುವ ಮೊದಲು ಬಕೆಟು ಹಿಡಿಯಿರಿ

ಕಾಸರಗೋಡಿನ ಪಂಚಾಯತುಗಳಲ್ಲಿ ಯೋಜನೆ ಹುಟ್ಟುವುದು ಹೆಚ್ಚಾಗಿ ಒಂದೇ ಮಾತಿನಿಂದ: "ಅಲ್ಲಿಗೊಂದು ವಿ.ಸಿ.ಬಿ. ಆಗಬೇಕು." ವಿ.ಸಿ.ಬಿ. ಎಂದರೆ ವೆಂಟೆಡ್ ಕ್ರಾಸ್ ಬಾರ್, ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಕಟ್ಟುವ ಕಿಂಡಿ ಅಣೆಕಟ್ಟು. ಗ್ರಾಮಸಭೆಯಲ್ಲಿ ಯಾರೋ ಹೇಳುತ್ತಾರೆ, ಮೆಂಬರು ಬರೆದುಕೊಳ್ಳುತ್ತಾರೆ, ಕಾರ್ಯತಂಡದ ಪಟ್ಟಿಗೆ ಸೇರುತ್ತದೆ. ವಿಕಸನ ಸೆಮಿನಾರು ದಾಟಿ, ಸುಲೇಖ ಸಾಫ್ಟ್‌ವೇರಿನಲ್ಲಿ ನಮೂದಾಗಿ ಜಿಲ್ಲಾ ಯೋಜನಾ ಸಮಿತಿಯ ಮುಂದೆ ಹೋಗುತ್ತದೆ. ಅಷ್ಟು ಹೊತ್ತಿಗೆ ಎಸ್ಟಿಮೇಟು ತಯಾರು. ಸಿಮೆಂಟು ಎಷ್ಟು ಚೀಲ, ಕಬ್ಬಿಣ ಎಷ್ಟು ಕಿಲೋ, ಅಗೆತ ಎಷ್ಟು ಘನ ಮೀಟರ್ ಎಂಬುದೆಲ್ಲ ಅದರಲ್ಲಿ ಪೈಸೆ ಲೆಕ್ಕದಲ್ಲಿ ಇರುತ್ತದೆ. ಇದು ಯಾಕೆ ಬೇಕು ಎಂಬ ಕಾಲಮ್ಮಿನಲ್ಲಿ ಮಾತ್ರ ಒಂದೂವರೆ ಸಾಲು: "ಈ ಭಾಗದ ಕೃಷಿಕರಿಗೆ ಅನುಕೂಲವಾಗುವುದು."

ಆ ಒಂದೂವರೆ ಸಾಲಿನ ಜಾಗಕ್ಕೆ ಬರಬೇಕಾದದ್ದು ಬಿಸಿನೆಸ್ ಕೇಸ್. ಹೆಸರು ಕೇಳಿ ಲಾಭದ ವ್ಯಾಪಾರ ಎಂದುಕೊಳ್ಳುವುದು ಬೇಡ. ಸರಕಾರದ ದುಡ್ಡು ಹಾಕುವ ಮೊದಲು ಐದು ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡುವ ಕ್ರಮ ಇದು. ತೊಂದರೆ ನಿಜವಾಗಿ ಇದೆಯೇ, ಎಷ್ಟಿದೆ? ಇರುವ ದಾರಿಗಳಲ್ಲಿ ಯಾವುದು ಹಾಕಿದ ಹಣಕ್ಕೆ ಹೆಚ್ಚು ಕೊಡುತ್ತದೆ? ಕೆಲಸವನ್ನು ಯಾರಿಂದ, ಯಾವ ಕರಾರಿನಲ್ಲಿ ಮಾಡಿಸುವುದು? ಈ ವರ್ಷದ ಮತ್ತು ಹತ್ತನೇ ವರ್ಷದ ಹಣ ಎಲ್ಲಿಂದ? ನಡೆಸುವವರು ಯಾರು? ಬ್ರಿಟನ್ನಿನ ಖಜಾನೆ ಇಲಾಖೆಯ 'ಗ್ರೀನ್ ಬುಕ್' ಇದನ್ನೇ ಐದು ಭಾಗ ಮಾಡಿ ಕೇಳುತ್ತದೆ. ಅಲ್ಲಿ ದೊಡ್ಡ ಯೋಜನೆಗಳಿಗೆ ಇದನ್ನು ಮೂರು ಹಂತದಲ್ಲಿ, ಪ್ರತಿಸಲ ಇನ್ನಷ್ಟು ವಿವರವಾಗಿ ಬರೆಯಬೇಕು. ನಮ್ಮ ತೋಡಿಗೆ ಅಷ್ಟು ಬೇಡ, ನಾಲ್ಕು ಪುಟ ಸಾಕು. ಆದರೆ ಆ ನಾಲ್ಕು ಪುಟ ಎಸ್ಟಿಮೇಟಿಗಿಂತ ಮೊದಲೇ ಆಗಬೇಕು. ಎಸ್ಟಿಮೇಟು ಕೈಯಲ್ಲಿ ಹಿಡಿದುಕೊಂಡು ಬರೆದ ಬಿಸಿನೆಸ್ ಕೇಸಿನಲ್ಲಿ ಆ ಎಸ್ಟಿಮೇಟು ಗೆಲ್ಲದೆ ಇರುವುದಿಲ್ಲ.

ವಿ.ಸಿ.ಬಿ.ಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎಣ್ಮಕಜೆ, ಬದಿಯಡ್ಕ, ಪೈವಳಿಕೆ, ಬೆಳ್ಳೂರು ಕಡೆ ಇದನ್ನು ನೋಡದವರಿಲ್ಲ. ತೋಡಿಗೆ ಅಡ್ಡವಾಗಿ ಕಾಂಕ್ರೀಟು ಕಂಬಗಳು, ಕಂಬಗಳಲ್ಲಿ ಉದ್ದ ಸೀಳು, ಸೀಳಿಗೆ ಎರಡು ಸಾಲು ಹಲಗೆ, ಹಲಗೆಗಳ ನಡುವೆ ಮಣ್ಣು. ಮಳೆ ಹಿಂದೆ ಸರಿದ ಮೇಲೆ ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಹಲಗೆ ಇಳಿಸಬೇಕು, ಜೂನಿನ ಮಳೆಗೆ ಮೊದಲು ತೆಗೆಯಬೇಕು. ಮುಂದಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಇಟ್ಟುಕೊಂಡವು. ನಿಮ್ಮ ತೋಡಿನದ್ದನ್ನು ನೀವೇ ಅಳೆದು ಹಾಕಿಕೊಳ್ಳಬೇಕು.

ಮೊದಲು ನೀರಿನ ಲೆಕ್ಕ. ವಿ.ಸಿ.ಬಿ. ಹಿಂದೆ 500 ಮೀಟರ್ ದೂರಕ್ಕೆ ನೀರು ನಿಲ್ಲುತ್ತದೆ, ತೋಡಿನ ಅಗಲ 8 ಮೀಟರ್, ಹಲಗೆಯ ಹತ್ತಿರ ಆಳ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಮೇಲಕ್ಕೆ ಹೋದಂತೆ ಆಳ ಕಮ್ಮಿಯಾಗುವುದರಿಂದ ಸರಾಸರಿ ಮುಕ್ಕಾಲು ಮೀಟರ್. ಒಟ್ಟು 3,000 ಘನ ಮೀಟರ್, ಅಂದರೆ 30 ಲಕ್ಷ ಲೀಟರ್. ಕೇಳಲು ದೊಡ್ಡದು. ಈಗ ಖರ್ಚಿನ ಕಡೆ: ಎಕರೆಗೆ 550 ಅಡಿಕೆ ಮರದಂತೆ 25 ಎಕರೆಗೆ 13,750 ಮರ. ಬೇಸಗೆಯಲ್ಲಿ ಮರಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಬಿಟ್ಟರೆ ದಿನಕ್ಕೆ 6 ಲಕ್ಷ ಲೀಟರ್ ಬೇಕು. ನಿಂತ ನೀರು ಐದು ದಿನಕ್ಕೆ ಮುಗಿಯಿತು! ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಸಾಕು, ಆಗ 2.75 ಲಕ್ಷ. ಆದರೂ ಹನ್ನೊಂದೇ ದಿನ.

ಹಾಗಾದರೆ ವಿ.ಸಿ.ಬಿ.ಯಿಂದ ಪ್ರಯೋಜನ ಇಲ್ಲವೇ? ಇದೆ. ಅದು ನೀರು ತುಂಬಿಸಿಡುವ ಟಾಂಕಿ ಅಲ್ಲ, ಅಷ್ಟೆ. ಹರಿಯುವ ನೀರನ್ನು ತಡೆದು ಎತ್ತರಿಸಿ ಎರಡೂ ದಡದ ಮಣ್ಣಿಗೆ ಇಳಿಸುವುದು ಅದರ ಕೆಲಸ. ಅಕ್ಕಪಕ್ಕದ ಬಾವಿ, ಕೆರೆಗಳ ನೀರು ಏರುವುದು ಹೀಗೆ. ಅದಕ್ಕೆ ಬೇಕಾದದ್ದು ಮಾರ್ಚ್ ಏಪ್ರಿಲಿನಲ್ಲೂ ಬತ್ತದ ಒರತೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು, ಹೊಳೆಗಳೇ ಹನ್ನೆರಡು. ಆದರೂ ಮುರಕಲ್ಲಿನ ಗುಡ್ಡೆ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಶಿವರಾತ್ರಿ ಕಳೆದರೆ ಎಷ್ಟೋ ತೋಡುಗಳಲ್ಲಿ ಕಲ್ಲು ಮಾತ್ರ. ಒರತೆ ನಿಂತ ತೋಡಿಗೆ ಎಷ್ಟು ಎತ್ತರದ ಹಲಗೆ ಹಾಕಿದರೂ ನಿಲ್ಲಿಸಲು ಏನೂ ಇಲ್ಲ.

ಆದ್ದರಿಂದ ಇಡೀ ಬಿಸಿನೆಸ್ ಕೇಸಿನಲ್ಲಿ ಅತ್ಯಂತ ಬೆಲೆಬಾಳುವ ಅಂಕಿ ಬೇಸಗೆಯ ಹರಿವು. ಅದನ್ನು ಪಡೆಯಲು ಎಂಜಿನಿಯರು ಬೇಕಿಲ್ಲ. ತೋಡು ಕಿರಿದಾದ ಕಡೆ ಮಣ್ಣು, ಹುಲ್ಲು ಹಾಕಿ ಸಣ್ಣ ದಂಡೆ ಮಾಡಿ, ನೀರೆಲ್ಲ ಒಂದೇ ನಾಲ್ಕಿಂಚಿನ ಪಿ.ವಿ.ಸಿ. ಪೈಪಿನಲ್ಲಿ ಬೀಳುವಂತೆ ಮಾಡಿ. ಪೈಪಿನ ಕೆಳಗೆ 20 ಲೀಟರಿನ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿ. ದಂಡೆಯ ಹಿಂದಿನ ನೀರಿನ ಮಟ್ಟ ಏರುವುದು ನಿಂತ ಮೇಲೆಯೇ ಅಳೆಯಬೇಕು, ಇಲ್ಲದಿದ್ದರೆ ಕಮ್ಮಿ ತೋರಿಸುತ್ತದೆ. ಹತ್ತು ಸೆಕೆಂಡ್ ಎಂದಾದರೆ ಸೆಕೆಂಡಿಗೆ 2 ಲೀಟರ್, ದಿನಕ್ಕೆ 1.73 ಲಕ್ಷ ಲೀಟರ್. ಹನಿ ನೀರಾವರಿಯ 2.75 ಲಕ್ಷಕ್ಕೆ ಸೆಕೆಂಡಿಗೆ 3.2 ಲೀಟರ್ ಬೇಕಿತ್ತು, ಅಂದರೆ ಈ ತೋಡು 25 ಎಕರೆಯನ್ನು ಒಂಟಿಯಾಗಿ ಸಾಕಲಾರದು. ಫೆಬ್ರವರಿ, ಮಾರ್ಚ್, ಏಪ್ರಿಲ್ ಮೊದಲ ವಾರ, ಹೀಗೆ ಮೂರು ಸಲ ಅಳೆದರೆ ಸಾಕು. ಬೆಳಗ್ಗೆ ಪಂಪು ಚಾಲೂ ಆಗುವ ಮೊದಲು ಅಳೆಯಿರಿ, ಮೇಲಿನ ತೋಟದವರು ಎಳೆಯುತ್ತಿರುವಾಗಲ್ಲ.

ಈಗ ದಾರಿಗಳು. ಏನೂ ಮಾಡದೆ ಇರುವುದನ್ನೂ ಒಂದು ದಾರಿ ಎಂದೇ ಬರೆಯಬೇಕು. ಉಳಿದವುಗಳನ್ನು ಅಳೆಯುವ ಕೋಲು ಅದು. ಎರಡನೆಯದು, ಏತಡ್ಕದಂಥ ಕಡೆ ಕೃಷಿಕರೇ ಸೇರಿ ಹಾಕಿಕೊಂಡು ಬಂದಿರುವ ರೀತಿಯ ವರ್ಷವರ್ಷದ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು. ಮೂರು ಕಟ್ಟಕ್ಕೆ ಕೂಲಿ, ಪ್ಲಾಸ್ಟಿಕ್ ಹಾಳೆ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಎನ್ನಿ. ಮೂರನೆಯದು 45 ಲಕ್ಷದ ವಿ.ಸಿ.ಬಿ. ನಾಲ್ಕನೆಯದು ಹನಿ ನೀರಾವರಿ. ಸಣ್ಣ, ಅತಿಸಣ್ಣ ಕೃಷಿಕರಿಗೆ ಕೇಂದ್ರದ ಯೋಜನೆಯಲ್ಲಿ ಶೇ. 55 ಸಹಾಯಧನ ಇರುವುದರಿಂದ ಪಂಚಾಯತಿನ ಹಣ ಹೆಚ್ಚು ಬೇಡ. ನೀರಿನ ಬೇಡಿಕೆ ಅರ್ಧಕ್ಕಿಂತ ಕೆಳಗೆ ಇಳಿಯುವುದರಿಂದ ಇದನ್ನು ಎರಡಕ್ಕೋ ಮೂರಕ್ಕೋ ಜೋಡಿಸಿಯೂ ನೋಡಬೇಕು.

45 ಲಕ್ಷವನ್ನು ವರ್ಷಕ್ಕೆ ಒಂದೂವರೆ ಲಕ್ಷದ ಜೊತೆ ಹೋಲಿಸುವುದು ಹೇಗೆ? 25 ವರ್ಷ ಬಾಳಿಕೆ, ಶೇ. 8 ಬಡ್ಡಿದರ ಹಿಡಿದರೆ 45 ಲಕ್ಷವೆಂದರೆ ವರ್ಷಕ್ಕೆ 4.2 ಲಕ್ಷ. ಐದು ವರ್ಷಕ್ಕೊಮ್ಮೆ ಹಲಗೆ ಬದಲಿಸಲು 2 ಲಕ್ಷ, ಅದರ ವರ್ಷದ ಪಾಲು ಸುಮಾರು 34 ಸಾವಿರ. ಹಲಗೆ ಹಾಕಿ ತೆಗೆಯುವ ಕೂಲಿ 40 ಸಾವಿರ. ಒಟ್ಟು ಸುಮಾರು 5 ಲಕ್ಷ. ಬ್ರಿಟನ್ನಿನವರಂತೆ ಶೇ. 3.5 ದರ ಹಿಡಿದರೆ 4.2 ಇದ್ದದ್ದು 2.7 ಲಕ್ಷಕ್ಕೆ ಇಳಿಯುತ್ತದೆ. ದರ ಯಾವುದೆಂದು ಬರೆಯದ ಲೆಕ್ಕವನ್ನು ನಂಬಬೇಡಿ.

ಪ್ರಯೋಜನದ ಕಡೆ: 25 ಎಕರೆಯಲ್ಲಿ ನೀರಿನ ಕೊರತೆಯಿಂದ ಎಕರೆಗೆ ಒಂದು ಕ್ವಿಂಟಾಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ನಷ್ಟ, ಕಿಲೋಗೆ 350 ರೂಪಾಯಿ ಎಂದರೆ ವರ್ಷಕ್ಕೆ 8.75 ಲಕ್ಷ. ವಿ.ಸಿ.ಬಿ. ಇದನ್ನು ಪೂರ್ತಿ ಉಳಿಸುತ್ತದೆ, ಕಟ್ಟ ಅರ್ಧ ಉಳಿಸುತ್ತದೆ ಎಂದಿಟ್ಟುಕೊಂಡರೆ, ಖರ್ಚು ಕಳೆದು ವಿ.ಸಿ.ಬಿ.ಗೆ 3.8 ಲಕ್ಷ, ಕಟ್ಟಕ್ಕೆ 2.9 ಲಕ್ಷ. ವಿ.ಸಿ.ಬಿ. ಗೆದ್ದಿತು ಎಂದು ಇಲ್ಲಿಗೆ ಪೆನ್ನು ಮುಚ್ಚುವವರೇ ಹೆಚ್ಚು.

ಮುಚ್ಚಬಾರದು. ಗ್ರೀನ್ ಬುಕ್ಕಿನ ಜೊತೆಗಿರುವ ಮಾರ್ಗಸೂಚಿ, ಸಾಮಾನ್ಯ ಸಿವಿಲ್ ಕಾಮಗಾರಿಯ ಮೊದಲ ಅಂದಾಜಿಗೆ ಶೇ. 44ರ ವರೆಗೆ ಸೇರಿಸಿ ನೋಡಿ ಎನ್ನುತ್ತದೆ, ಅಂದಾಜು ಮಾಡುವವರ ಆಶಾವಾದಕ್ಕೆ ದಂಡವಾಗಿ. ಸೇರಿಸಿದರೆ 45 ಹೋಗಿ 65 ಲಕ್ಷ, ವರ್ಷದ ಖರ್ಚು 6.8 ಲಕ್ಷ, ಉಳಿಯುವುದು 1.9 ಲಕ್ಷ. ಈಗ ಕಟ್ಟವೇ ಮುಂದೆ. ಇನ್ನೊಂದು ನೋಡಿ: ನಿಜವಾಗಿ ನೀರು ಸಾಲದ್ದು 25 ಎಕರೆಗಲ್ಲ, 10 ಎಕರೆಗೆ ಮಾತ್ರ ಎಂದಾದರೆ ವಿ.ಸಿ.ಬಿ. ವರ್ಷಕ್ಕೆ ಒಂದೂವರೆ ಲಕ್ಷದಷ್ಟು ನಷ್ಟ, ಕಟ್ಟ ಕಾಲು ಲಕ್ಷ ಲಾಭ. ಫಲಾನುಭವಿ ಪಟ್ಟಿಯಲ್ಲಿ ತೋಡಿನ ಎರಡೂ ಬದಿಯ ಸರ್ವೆ ನಂಬರುಗಳನ್ನೆಲ್ಲ ತುಂಬುವ ಅಭ್ಯಾಸ ಇದೆಯಲ್ಲ, ಅದು ಲೆಕ್ಕವನ್ನು ಹಾಳು ಮಾಡುವುದು ಇಲ್ಲಿ. ಬೋರ್‌ವೆಲ್ಲೋ ಗುಡ್ಡೆ ಕೊರೆದು ಮಾಡಿದ ನೀರಿನ ಸುರಂಗವೋ ಇದ್ದು ನೀರಿಗೆ ತಾಪತ್ರಯವಿಲ್ಲದವರನ್ನು ಪಟ್ಟಿಯಿಂದ ತೆಗೆಯಬೇಕು. ಅವರಿಗೆ ಬೇಸರ ಆಗಬಹುದು, ಆಗಲಿ.

ಕಟ್ಟಕ್ಕೂ ಅದರದ್ದೇ ಅಪಾಯ ಇದೆ. ಕಟ್ಟ ಹಾಕಲು ಗೊತ್ತಿರುವ ಕೆಲಸದವರು ಸಿಗುವುದು ಕಷ್ಟ, ಒಂದು ಅಕಾಲ ಮಳೆಗೆ ತೊಳೆದುಹೋದರೆ ಆ ವರ್ಷಕ್ಕೆ ಮುಗಿಯಿತು. ಕೂಲಿ ದುಪ್ಪಟ್ಟಾದರೆ ಏನಾಗುತ್ತದೆ ಎಂದೂ ಲೆಕ್ಕ ಹಾಕಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹಲಗೆಯದು. 45 ಲಕ್ಷದ ಅಂದಾಜಿನಲ್ಲೇ ವಿ.ಸಿ.ಬಿ.ಯ ದುಡ್ಡು ಹುಟ್ಟಬೇಕಾದರೆ ಹತ್ತರಲ್ಲಿ ಆರು ವರ್ಷವಾದರೂ ಹಲಗೆ ಸರಿಯಾಗಿ ಬೀಳಬೇಕು, 65 ಲಕ್ಷ ಆದರೆ ಎಂಟು ವರ್ಷ. ಹಾಗೆ ಬೀಳದ ಎಷ್ಟು ಕಂಬಸಾಲುಗಳಿವೆ ಎಂದು ತಿಳಿಯಲು ಜನವರಿಯಲ್ಲಿ ತೋಡಿನ ಬದಿಯಲ್ಲಿ ಒಂದು ಸುತ್ತು ಹೋದರೆ ಸಾಕು. ಕಾರಣಗಳೂ ದೊಡ್ಡವಲ್ಲ. ಹಲಗೆ ಯಾರ ಶೆಡ್ಡಿನಲ್ಲಿ ಇಡುವುದೆಂದು ತೀರ್ಮಾನವಾಗಿರುವುದಿಲ್ಲ. ಮಳೆಯಲ್ಲಿ ನೆನೆದು ಉಬ್ಬಿದ ಹಲಗೆ ಕಂಬದ ಸೀಳಿನಲ್ಲಿ ಇಳಿಯುವುದಿಲ್ಲ, ಒಣಗಿ ಬಾಗಿದ್ದು ಕೂರುವುದಿಲ್ಲ. ನಂಬರು ಬರೆಯದ ಕಾರಣ ಒಂದು ಕಿಂಡಿಯ ಹಲಗೆ ಇನ್ನೊಂದಕ್ಕೆ ಹೋಗಿ ಸಂದು ಬಿಡುತ್ತದೆ. ಸಂದು ಎಂದರೆ ಎಷ್ಟು? ತಳದಲ್ಲಿ 2 ಮೀಟರ್ ಉದ್ದಕ್ಕೆ 1 ಸೆಂಟಿಮೀಟರ್, ಮೇಲೆ ಒಂದೂವರೆ ಮೀಟರ್ ನೀರು ಎಂದಾದರೆ ಸೆಕೆಂಡಿಗೆ 60 ಲೀಟರಿಗಿಂತ ಹೆಚ್ಚು ಹೋಗುತ್ತದೆ. ಆ 30 ಲಕ್ಷ ಲೀಟರಿನ ಬಹುಪಾಲು ಖಾಲಿಯಾಗಲು ಒಂದೇ ದಿನ ಸಾಕು. ಇನ್ನು ಮೇ ಕೊನೆಗೆ ಹಲಗೆ ತೆಗೆಯಲು ಮರೆತರೆ ಮೊದಲ ನೆರೆ ಕಂಬದ ಮೇಲೆ ಹೋಗುವ ಬದಲು ದಡ ಕೊರೆದು ಬದಿಯಿಂದ ದಾರಿ ಮಾಡಿಕೊಳ್ಳುತ್ತದೆ, ಜೊತೆಗೆ ಒಂದಿಷ್ಟು ತೋಟವನ್ನೂ ಒಯ್ಯುತ್ತದೆ.

ಆದ್ದರಿಂದ ನಿರ್ವಹಣೆಯ ಪುಟದಲ್ಲಿ "ಫಲಾನುಭವಿ ಸಮಿತಿ ನೋಡಿಕೊಳ್ಳುವುದು" ಎಂದು ಬರೆದು ಬಿಡುವುದಲ್ಲ. ಹಲಗೆ ಇಡುವ ಜಾಗ, ಇಳಿಸುವ ವಾರ, ತೆಗೆಯುವ ವಾರ, ಕೂಲಿ ಕೊಡುವ ಲೆಕ್ಕಶೀರ್ಷಿಕೆ, ಜವಾಬ್ದಾರಿ ಇರುವವರ ಸಹಿ ಬೇಕು. ಕಾಮಗಾರಿ ಮುಗಿದ ಕೂಡಲೇ ಅದು ಪಂಚಾಯತಿನ ಆಸ್ತಿ ರಿಜಿಸ್ಟರಿಗೆ ಏರಬೇಕು, ಇಲ್ಲದಿದ್ದರೆ ನಿರ್ವಹಣಾ ನಿಧಿಯ ರಸ್ತೆಯೇತರ ಪಾಲಿನಿಂದ ದುರಸ್ತಿಗೆ ಕೇಳುವಾಗ ತಕರಾರು ಬರುತ್ತದೆ. ಫೈಬರ್ ಹಲಗೆಗೆ ಮೊದಲ ಖರ್ಚು ಹೆಚ್ಚಾದರೂ ಉಬ್ಬುವ, ಗೆದ್ದಲು ಹಿಡಿಯುವ ರಗಳೆ ಇಲ್ಲ. ಅದನ್ನು ಬೇರೆಯೇ ದಾರಿಯಾಗಿ ಲೆಕ್ಕಕ್ಕೆ ತನ್ನಿ.

ಸಮಯದ ಮಾತು. ತೋಡಿನೊಳಗೆ ಅಡಿಪಾಯ ಹಾಕಲು ಸಿಗುವುದು ಜನವರಿಯಿಂದ ಮೇ ಮಧ್ಯದವರೆಗೆ. ಡಿಸೆಂಬರಿಗೆ ಕರಾರು ಆಗಬೇಕಾದರೆ ತಾಂತ್ರಿಕ ಮಂಜೂರಾತಿ ಅಕ್ಟೋಬರಿಗೆ ಕೈಯಲ್ಲಿರಬೇಕು. ಜನವರಿಯಲ್ಲಿ ಟೆಂಡರು ಕರೆದು ಮಾರ್ಚಿನಲ್ಲಿ ಕರಾರು ಮಾಡಿಕೊಂಡರೆ, ಆರ್ಥಿಕ ವರ್ಷ ಮುಗಿಯುವ ಗಡಿಬಿಡಿಯಲ್ಲಿ ಬಿಲ್ಲಿಗೆ ಬೇಕಾದಷ್ಟು ಮಾತ್ರ ಅಗೆದು ಬಿಡುತ್ತಾರೆ. ಜೂನಿನಲ್ಲಿ ಆ ಹೊಂಡ ತುಂಬುತ್ತದೆ, ಕೆಲಸ ಸ್ಪಿಲ್‌ಓವರ್ ಆಗಿ ಮುಂದಿನ ವರ್ಷದ ಹಣ ತಿನ್ನುತ್ತದೆ.

ದೊಡ್ಡ ಯೋಜನೆಗಳಲ್ಲೂ ಕತೆ ಬೇರೆಯಲ್ಲ, ಅಂಕಿಗಳ ಸೊನ್ನೆ ಹೆಚ್ಚು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013ರ ನವೆಂಬರಿನಲ್ಲಿ. ಅಲ್ಲಿ ಚಿಕಿತ್ಸೆ ಶುರುವಾದದ್ದು 2020ರ ಏಪ್ರಿಲಿನಲ್ಲಿ, ಅದೂ ಕೋವಿಡ್ ಬಂದು ಗಡಿ ಮುಚ್ಚಿ ಮಂಗಳೂರಿನ ದಾರಿ ಇಲ್ಲವಾದಾಗ. ಆಸ್ಪತ್ರೆ ಎಂದರೆ ಕಟ್ಟಡಕ್ಕಿಂತ ಪ್ರತಿ ತಿಂಗಳ ಸಂಬಳ, ಔಷಧ, ನೀರು, ಕರೆಂಟು. ಕಾಸರಗೋಡು ಪೇಟೆಗೆ ಹೊಳೆಯಿಂದ ನೀರೆತ್ತುವ ಬಾವಿಕ್ಕೆರೆಯದ್ದು ಇದರ ತಿರುಗುಮುರುಗು: ಶಾಶ್ವತ ತಡೆಗೋಡೆ ಆಗುವ ವರೆಗೆ ವರ್ಷವರ್ಷ ಮರಳು ಚೀಲದ ಕಟ್ಟ ಹಾಕಿ, ಅದು ಸಾಲದೆ ಬೇಸಗೆಯಲ್ಲಿ ಕಾಸರಗೋಡು ಪೇಟೆಯ ನಳ್ಳಿಯಲ್ಲಿ ಉಪ್ಪುನೀರು ಬರುತ್ತಿತ್ತು. ಏನೂ ಮಾಡದೆ ಇರುವುದರ ಖರ್ಚನ್ನು, ಅಂದರೆ ಮನೆಮನೆಯವರು ಟ್ಯಾಂಕರಿಗೆ ಕೊಟ್ಟ ಹಣವನ್ನು ಕೂಡಿಸಿದ್ದರೆ ಆ ಯೋಜನೆ ಯಾವ ಪಟ್ಟಿಯಲ್ಲಾದರೂ ಮೇಲೆ ನಿಲ್ಲುತ್ತಿತ್ತು. ಬಿಸಿನೆಸ್ ಕೇಸ್ ಎಂದರೆ ಬೇಡ ಎನ್ನಲಿಕ್ಕಿರುವ ಕಾಗದ ಎಂದು ತಿಳಿದವರು ಇದನ್ನು ಗಮನಿಸಬೇಕು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಇಕ್ಕಟ್ಟು. ತೋಡು ಬಲ್ಲವರು ಮಾತಾಡುವುದು ತುಳುವಿನಲ್ಲೋ ಕನ್ನಡದಲ್ಲೋ, ಫಾರ್ಮು ತುಂಬುವುದು ಮಲಯಾಳದಲ್ಲಿ. "ಮಾರ್ಚ್ ಹದಿನೈದಕ್ಕೆ ಮೇಲಿನ ಗುಂಡಿ ಬತ್ತುತ್ತದೆ, ಕೆಳಗಿನದ್ದು ಬತ್ತುವುದಿಲ್ಲ" ಎಂಬ ಮಾತು ಆ ನಡುವೆ ಎಲ್ಲೋ ಬಿದ್ದುಹೋಗಿ, ಕಾಗದಕ್ಕೆ ಬರುವಾಗ "ಜಲಕ್ಷಾಮ ಇದೆ" ಎಂದಷ್ಟೇ ಆಗಿರುತ್ತದೆ. ವಿ.ಸಿ.ಬಿ. ಮೇಲೆ ಕಟ್ಟಬೇಕೋ ಕೆಳಗೋ ಎಂಬುದು ನಿಂತಿರುವುದೇ ಆ ಮಾತಿನ ಮೇಲೆ. ಕಾರ್ಯತಂಡಕ್ಕೆ ಹೋಗುವಾಗ ಅಳತೆಗಳನ್ನು ಒಂದು ಹಾಳೆಯಲ್ಲಿ ಅಂಕಿಯಾಗಿ ಬರೆದು ಕೊಡಿ. ದಿನಾಂಕ, ಸ್ಥಳ, ಸೆಕೆಂಡು, ಲೀಟರು, ಬಾವಿಯ ಆಳ. ಅಂಕಿಯನ್ನು ಯಾರೂ ಅನುವಾದಿಸಬೇಕಿಲ್ಲ.

ವಿ.ಸಿ.ಬಿ.ಯನ್ನೇ ಆರಿಸಿದ್ದಾದರೆ, ಕಾಂಕ್ರೀಟು ಹಸಿ ಇರುವಾಗಲೇ ಮೇಲ್ಬದಿಯ ಕಂಬವೊಂದರಲ್ಲಿ ಹತ್ತು ಸೆಂಟಿಮೀಟರಿಗೊಂದರಂತೆ ಗೆರೆ ಕೊರೆಸಿ. ಡಿಸೆಂಬರಿನಿಂದ ಮೇ ವರೆಗೆ ವಾರಕ್ಕೊಮ್ಮೆ ನೀರಿನ ಮಟ್ಟ, ಅದೇ ದಿನ ಹತ್ತಿರದ ಮೂರು ಬಾವಿಗಳ ಮಟ್ಟ ಬರೆದಿಡಲು ಒಬ್ಬರನ್ನು ಗೊತ್ತು ಮಾಡಿ. ಎರಡು ಬೇಸಗೆಯ ಪುಸ್ತಕ ಕೈಯಲ್ಲಿದ್ದರೆ, ಅದೇ ತೋಡಿನಲ್ಲಿ ಎರಡನೇ ವಿ.ಸಿ.ಬಿ. ಕೇಳುವವರಿಗೂ ಬೇಡ ಎನ್ನುವವರಿಗೂ ಅದನ್ನೇ ಬಿಡಿಸಿ ತೋರಿಸಬಹುದು.