ಆರನೇ ಮೆಟ್ಟಿಲಿನ ಸ್ಟಾಪರ್ ಬ್ಯಾಕ್

ಪೇಸ್ 5. ಪಾಸಿಂಗ್ 6. ಫಸ್ಟ್ ಟಚ್ 6. ಜಂಪಿಂಗ್ 14, ಹೆಡಿಂಗ್ 13, ಬ್ರೇವರಿ 16. ವಯಸ್ಸು 34.

ಫುಟ್‌ಬಾಲ್ ತಂಡ ನಡೆಸುವ ಕಂಪ್ಯೂಟರ್ ಆಟ ಫುಟ್‌ಬಾಲ್ ಮ್ಯಾನೇಜರ್ ಆಡುವವರಿಗೆ ಇಷ್ಟು ಸಾಕು, ಆಳು ಕಣ್ಣ ಮುಂದೆ ನಿಲ್ಲುತ್ತಾನೆ. ಒಂದೊಂದು ಗುಣಕ್ಕೂ 20ರಲ್ಲಿ ಅಂಕ. ಓಡಲು ಆಗುವುದಿಲ್ಲ, ಚೆಂಡು ಕಾಲಿಗೆ ಬಂದರೆ ಪಜೀತಿ. ಆದರೆ ಮೇಲಿನಿಂದ ಬಂದ ಯಾವ ಚೆಂಡಿಗೂ ತಲೆ ಕೊಡಲು ಹೆದರುವವನಲ್ಲ. ನನಗೆ ಕೂಡಲೇ ನೆನಪಾದದ್ದು ನಮ್ಮ ಊರಿನ ಟೀಮಿನ ಅಣ್ಣ. ಬದಿಯಡ್ಕದ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಸೆವೆನ್ಸ್ (ಏಳೇಳು ಜನರ ಫುಟ್‌ಬಾಲ್) ಆಡುವಾಗ ನಾನು ಬಲಬದಿಯ ಬ್ಯಾಕ್, ಅವರು ನಡುವೆ ನಿಂತು ಎದುರಾಳಿಯನ್ನು ತಡೆಯುವ ಸ್ಟಾಪರ್ ಬ್ಯಾಕ್. ಈಗ ಅವರು ಶಾರ್ಜಾದಲ್ಲಿದ್ದಾರೆ. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು, ನಲ್ಲಿ ಮಾರುತ್ತೇನೆ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು ಆ ಆಟದಲ್ಲಿ ಇಂಗ್ಲೆಂಡಿನ ಡಾರ್ಲಿಂಗ್ಟನ್ ತಂಡವನ್ನು ನೋಡಿಕೊಳ್ಳುತ್ತೇನೆ.

ಡಾರ್ಲಿಂಗ್ಟನ್ ಯಾಕೆ ಅಂದರೆ ಅದರ ಕಥೆ. 1883ರ ಕ್ಲಬ್. 2003ರಲ್ಲಿ 25,000 ಕುರ್ಚಿಗಳ ದೊಡ್ಡ ಸ್ಟೇಡಿಯಂಗೆ ಹೋದರು. ನೋಡಲು ಬರುತ್ತಿದ್ದವರು ಕೆಲವೇ ಸಾವಿರ ಜನ. ಸಾಲ ಏರಿತು. 2012ರಲ್ಲಿ ಅಭಿಮಾನಿಗಳು ಸೇರಿ ಕ್ಲಬ್ಬನ್ನು ಹೊಸದಾಗಿ ಕಟ್ಟಿ ಒಂಬತ್ತನೇ ಹಂತದಿಂದ ಶುರು ಮಾಡಿದರು. ನಾಲ್ಕು ಸೀಸನ್‌ನಲ್ಲಿ ಮೂರು ಸಲ ಮೇಲೆ ಬಂದು ನ್ಯಾಷನಲ್ ಲೀಗ್ ನಾರ್ತ್ ಮುಟ್ಟಿದರು. ಅದು ಇಂಗ್ಲೆಂಡಿನ ಆರನೇ ಹಂತ. ಮರುವರ್ಷವೇ, 2017ರಲ್ಲಿ, ಪ್ಲೇಆಫ್, ಅಂದರೆ ಮೇಲಿನ ಹಂತಕ್ಕೆ ಹೋಗುವ ತಂಡವನ್ನು ಆರಿಸುವ ಮ್ಯಾಚುಗಳನ್ನು, ಆಡುವಷ್ಟು ಮೇಲೆ ಮುಗಿಸಿದರು. ಆದರೆ ಆಡಲು ಬಿಡಲಿಲ್ಲ. ನಿಯಮದ ಪ್ರಕಾರ ಮೈದಾನದಲ್ಲಿ 500 ಕುರ್ಚಿ ಬೇಕು, ಇವರ ಬ್ಲ್ಯಾಕ್‌ವೆಲ್ ಮೆಡೋಸ್‌ನಲ್ಲಿ ಅಷ್ಟಿರಲಿಲ್ಲ. 25,000 ಕುರ್ಚಿಯಿಂದ ಮುಳುಗಿದ ಕ್ಲಬ್ಬಿಗೆ 500 ಕುರ್ಚಿ ಇಲ್ಲದೆ ಪ್ಲೇಆಫ್ ತಪ್ಪಿತು. ಅದನ್ನು ಓದಿದ ದಿನವೇ ನಿರ್ಧಾರ ಮಾಡಿದೆ, ಆ ಪ್ಲೇಆಫ್ ಅನ್ನು ಇವರಿಗೆ ನಾನು ಆಡಿಸಬೇಕು.

ಮ್ಯಾಂಚೆಸ್ಟರ್ ಸಿಟಿಯನ್ನು ತೆಗೆದುಕೊಂಡು ಆಡಿದ್ದೂ ಉಂಟು. ಎರಡು ವಾರದಲ್ಲಿ ಬೇಜಾರಾಯಿತು. ಅಲ್ಲಿ ಯಾರಿಗೆ ಗಾಯವಾದರೂ ಬೆಂಚಿನಲ್ಲಿ ಅಂಥವನೇ ಇನ್ನೊಬ್ಬ ಕೂತಿರುತ್ತಾನೆ. ಕೆಳಗಿನ ಲೀಗಿನಲ್ಲಿ ಹಾಗಲ್ಲ. ಒಬ್ಬನಿಗೆ ಒಂದೇ ಒಂದು ವಿದ್ಯೆ ಬರುತ್ತದೆ. ಒಬ್ಬ ಥ್ರೋ ಉದ್ದ ಎಸೆಯುತ್ತಾನೆ, ಒಬ್ಬ ತೊಂಬತ್ತು ನಿಮಿಷ ಸುಸ್ತಾಗದೆ ಓಡುತ್ತಾನೆ, ಅಷ್ಟೇ. ಅಂಥ ಹನ್ನೊಂದು ಜನರನ್ನು ಜೋಡಿಸಿ ಒಂದು ತಂಡ ಮಾಡಬೇಕು.

ಆ ಅಂಕಿಗಳೂ ಸುಮ್ನೆ ಬಂದವಲ್ಲ. ಈ ಆಟವನ್ನು ತಯಾರಿಸುವ ಸ್ಪೋರ್ಟ್ಸ್ ಇಂಟರಾಕ್ಟಿವ್‌ನವರಿಗೆ ಊರೂರಲ್ಲಿ ನೂರಾರು ಜನ ಸ್ವಯಂಸೇವಕರಿದ್ದಾರೆ. ತಮ್ಮ ಕ್ಲಬ್ಬಿನ ಮ್ಯಾಚು ನೋಡಿ ಅವರೇ ಅಂಕ ಕೊಡುವುದು. ಯಾವುದೋ ಸಣ್ಣ ಕ್ಲಬ್ಬಿನ ಬ್ಯಾಕ್‌ಗೆ ಪಾಸಿಂಗ್ 7 ಎಂದು ಕಂಡರೆ, ಅದರ ಹಿಂದೆ ಅವನ ಆಟವನ್ನು ಗಮನವಿಟ್ಟು ನೋಡಿದ ಒಬ್ಬ ಮನುಷ್ಯ ಇದ್ದಾನೆ ಅಲ್ವಾ? ನನಗೆ ಅದು ಬಹಳ ದೊಡ್ಡ ವಿಷಯ.

ನನ್ನದೇ ಒಂದು ಕಟ್ಟುನಿಟ್ಟು ಉಂಟು. ಆಟಗಾರರನ್ನು ಹುಡುಕುವ ಪಟ್ಟಿಯನ್ನು ನಾನು ತೆರೆಯುವುದಿಲ್ಲ. ಸ್ಕೌಟ್ ಹೇಳಿದವರು, ಟ್ರಯಲ್‌ಗೆ ಬಂದವರು, ಇಷ್ಟೇ. ನಮ್ಮ ಸ್ಟಾಪರ್ ಟ್ರಯಲ್‌ಗೆ ಬಂದವನು. ಯಾವ ಕ್ಲಬ್ಬೂ ಇರಲಿಲ್ಲ. ವಾರಕ್ಕೆ 200 ಪೌಂಡ್ ಎಂದೆ, ಒಪ್ಪಿದ.

ಈ ಹಂತದಲ್ಲಿ ಬಹಳಷ್ಟು ಆಟಗಾರರು ಪಾರ್ಟ್ ಟೈಮ್. ಹಗಲು ಬೇರೆ ಕೆಲಸ, ವಾರದಲ್ಲಿ ಎರಡು ಸಂಜೆ ಪ್ರಾಕ್ಟೀಸ್. ಇದು ನನಗೆ ಹೊಸತಲ್ಲ. ನಮ್ಮ ಟೀಮಿನಲ್ಲಿ ಒಬ್ಬ ಗೂಡ್ಸ್ ಆಟೋ ತಂದು ಗದ್ದೆಯ ಬದಿ ನಿಲ್ಲಿಸಿ ಇಳಿಯುತ್ತಿದ್ದ, ಇನ್ನೊಬ್ಬನ ಕೈಯಲ್ಲಿ ಇನ್ನೂ ಪೈಂಟ್ ಇರುತ್ತಿತ್ತು. ಕತ್ತಲಾದರೆ ಪ್ರಾಕ್ಟೀಸ್ ಮುಗಿಯಿತು. ಆದ್ದರಿಂದ ಶನಿವಾರ ಆಡಿದವರನ್ನೇ ಮಂಗಳವಾರವೂ ಇಳಿಸಲು ನನಗೆ ಮನಸ್ಸು ಬರುವುದಿಲ್ಲ. ಆಟದೊಳಗೂ ಅದು ಸರಿಯಾದ ಲೆಕ್ಕವೇ. ಪಾರ್ಟ್ ಟೈಮ್ ಆಟಗಾರರ ದೇಹ ಮೂರು ದಿನದಲ್ಲಿ ಸುಧಾರಿಸುವುದಿಲ್ಲ, ಮಸಲ್ ಹಿಡಿಯುತ್ತದೆ.

ಇನ್ನು ಆಡಿಸುವ ರೀತಿ. ಟಿವಿಯಲ್ಲಿ ನೋಡಿದಂತೆ ಗೋಲ್‌ಕೀಪರ್‌ನಿಂದಲೇ ಸಣ್ಣ ಸಣ್ಣ ಪಾಸು ಮಾಡಿಸಲು ಹೋದರೆ ಕೆಟ್ಟಿರಿ. ಫಸ್ಟ್ ಟಚ್ 6 ಇರುವವನ ಕಾಲಿಂದ ಚೆಂಡು ಒಂದು ಮಾರು ದೂರ ಹಾರುತ್ತದೆ, ಎದುರಾಳಿ ಅಲ್ಲೇ ಕಾಯುತ್ತಿರುತ್ತಾನೆ. ಡಿಸೆಂಬರ್ ದಾಟಿದರೆ ಮೈದಾನವೂ ಕೆಸರು. ಹಾಗಾಗಿ 4-4-2 (ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು), ಚೆಂಡು ಎತ್ತರಕ್ಕೆ, ಕೆಳಗೆ ಬಿದ್ದ ಚೆಂಡಿಗೆ ಇಬ್ಬರು ಓಡಬೇಕು. ಉಳಿದ ಸಮಯವನ್ನೆಲ್ಲ ನಾನು ಹಾಕುವುದು ಕಾರ್ನರ್‌ಗೆ. ಗೋಲಿನ ಹತ್ತಿರದ ಕಂಬಕ್ಕೆ ಚೆಂಡು, ಅಲ್ಲಿಗೆ ನಮ್ಮ ಸ್ಟಾಪರ್, ಅವನ ಹಿಂದೆ ಇಬ್ಬರು. ಅದು ನಮ್ಮ ಅಣ್ಣನಿಂದ ಕಲಿತದ್ದು. ತಲೆ ಕೊಟ್ಟು ಹೊಡೆಯುವುದೆಂದರೆ ಅವರಿಗೆ ಪ್ರಾಣ. ನಮ್ಮ ಜಿಲ್ಲೆಯ ತೃಕ್ಕರಿಪುರದ ಮಹಮ್ಮದ್ ರಾಫಿ 2016ರ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ತಲೆಯಿಂದ ಗೋಲು ಹೊಡೆದಾಗ ಅವರು ಕುಣಿದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪೆನಾಲ್ಟಿಯಲ್ಲಿ ಕಪ್ ಹೋಯಿತು, ಆ ಮಾತು ಬೇರೆ.

ಮೂರನೇ ಸೀಸನ್‌ನಲ್ಲಿ ಆರನೇ ಸ್ಥಾನದಲ್ಲಿ ಮುಗಿಸಿದೆ. ಪ್ಲೇಆಫ್‌ಗೆ ಎರಡರಿಂದ ಏಳನೇ ಸ್ಥಾನದವರೆಗಿನ ಆರು ತಂಡಗಳು, ಮೇಲೆ ಹೋಗುವುದು ಒಂದೇ. ಒಂದೊಂದೇ ಮ್ಯಾಚು, ಅದೂ ಪಟ್ಟಿಯಲ್ಲಿ ಮೇಲಿದ್ದವರ ಮೈದಾನದಲ್ಲಿ. ಹೀಗಾಗಿ ನಮಗೆ ಮೂರೂ ಹೊರಗೇ ಬಂದವು. ಮೊದಲನೆಯದು 1-0, ಎರಡನೆಯದು ಪೆನಾಲ್ಟಿ.

ಫೈನಲ್ ಆಡಿದ ರಾತ್ರಿ ಇಲ್ಲಿ ಜೋರು ಮಳೆ. ಕರೆಂಟ್ ಹತ್ತಕ್ಕೇ ಹೋಗಿತ್ತು. ಬ್ಯಾಟರಿ 11 ಪರ್ಸೆಂಟ್. 88ನೇ ನಿಮಿಷ, 1-1. ಸ್ಟಾಪರ್‌ನ ಹೆಸರಿನ ಪಕ್ಕದ ಹೃದಯದ ಗುರುತು ಕೆಂಪಾಗಿತ್ತು, ಅಂದರೆ ಪೂರ್ತಿ ಸುಸ್ತಾಗಿದ್ದ, ಬದಲಿ ಹುಡುಗ ತಯಾರಿದ್ದ. ಅಷ್ಟರಲ್ಲಿ ಕಾರ್ನರ್ ಸಿಕ್ಕಿತು. ಬದಲಾಯಿಸುವ ಬಟನ್‌ನಿಂದ ಕೈ ತೆಗೆದೆ. ಚೆಂಡು ಹತ್ತಿರದ ಕಂಬಕ್ಕೆ ಬಂತು. ಮೂವರ ನಡುವೆ ಒಂದು ತಲೆ ಮೇಲೆ ಕಂಡಿತು. ಆಮೇಲೆ ಬಲೆ ಅಲ್ಲಾಡಿತು.

ಅಮ್ಮ ಒಳಗಿನಿಂದ, "ಎಂತ ಬೊಬ್ಬೆ ಮಾರಾಯ, ಇಷ್ಟು ಹೊತ್ತಿಗೆ?" ಎಂದರು. "ಗೆದ್ದೆವು ಅಮ್ಮಾ" ಎಂದೆ.

ಜೂನ್‌ನಲ್ಲಿ ಅವನ ಕಾಂಟ್ರ್ಯಾಕ್ಟ್ ಮುಗಿಯಿತು. ಐದನೇ ಹಂತದ ಫಾರ್ವರ್ಡ್‌ಗಳನ್ನು ಪೇಸ್ 5 ಇಟ್ಟುಕೊಂಡು ಹಿಡಿಯಲು ಆಗುವುದಿಲ್ಲ. ಆ ಪುಟ ತೆರೆದು ಎರಡು ದಿನ ಏನೂ ಮಾಡದೆ ಮುಚ್ಚಿದೆ. ಕೊನೆಗೆ ಅವನು ಆಟ ಬಿಡುತ್ತೇನೆ ಎಂದು ತಿಳಿಸಿದಾಗ ಕೋಚ್ ಆಗಿ ಬಾ ಎಂದು ಕರೆದೆ. ಬಂದ. ಈಗ ಅಂಡರ್-18 ಹುಡುಗರು ಅವನ ಕೈಯಲ್ಲಿದ್ದಾರೆ.

ಆ ಗೋಲಿನ ಫೋಟೋವನ್ನು ಅವತ್ತೇ ಮೊಬೈಲಿನಲ್ಲಿ ತೆಗೆದು ಶಾರ್ಜಾಕ್ಕೆ ಕಳಿಸಿದ್ದೆ. ನಮ್ಮಲ್ಲಿ ರಾತ್ರಿ ಒಂದೂವರೆ, ಅಲ್ಲಿ ಹನ್ನೆರಡು. ಅಣ್ಣ ಡ್ಯೂಟಿ ಮುಗಿಸಿ ರೂಮಿಗೆ ಬಂದಿದ್ದರು. ಒಂದೇ ಸಾಲು ಬರೆದರು: "ಹತ್ತಿರದ ಕಂಬಕ್ಕೆ ಕೊಟ್ಟದ್ದು ತಾನೇ?"